ಚೆಲ್ಲಿದ ಎಣ್ಣೆಯೂ ಉತ್ಸರ್ಗ ಸಮಿತಿಯೂ

ಗೃಹಸ್ಥನ ಬಾಳಿನಲ್ಲಿ ಒದಗುವ ಹಿಂಸೆಯನ್ನು ನಮ್ಮ ಹಿರಿಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತ ಬಂದಿದ್ದಾರೆ. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಕಸಗುಡಿಸುವುದು, ಮನೆ ಕಟ್ಟುವುದು ಮೊದಲಾದ ಕೆಲಸಗಳಲ್ಲಿ ಆಗುವುದು ಆರಂಭೀ. ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು ಉದ್ಯೋಗೀ. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ. ಇವುಗಳಲ್ಲಿ ಮೊದಲನೆಯದನ್ನು ಶ್ರಾವಕನು ಸಂಪೂರ್ಣವಾಗಿ ಬಿಡಬೇಕು. ಉಳಿದ ಮೂರನ್ನು ಪೂರ್ತಿ ಬಿಡುವುದು ಗೃಹಸ್ಥನಿಗೆ ಅಸಾಧ್ಯವಾದುದರಿಂದ ಎಚ್ಚರದಿಂದ ನಡೆದು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು ಎಂಬುದು ಆ ಉಪದೇಶದ ಸಾರ.

ಈ ಉಪದೇಶದಲ್ಲಿ 'ಅಸಾಧ್ಯ' ಎಂಬ ಮಾತು ನಮಗೆ ಚೆನ್ನಾಗಿ ನೆನಪಿರುತ್ತದೆ. 'ಎಚ್ಚರದಿಂದ' ಎಂಬ ಮಾತು ಮರೆತುಹೋಗುತ್ತದೆ. "ವ್ಯಾಪಾರ ಎಂದ ಮೇಲೆ ಇದೆಲ್ಲ ಇದ್ದದ್ದೇ, ಉದ್ಯೋಗೀ ಹಿಂಸೆಗೆ ಗೃಹಸ್ಥನಿಗೆ ವಿನಾಯಿತಿ ಉಂಟಷ್ಟೆ" ಎಂದು ಹೇಳಿ ನಿಶ್ಚಿಂತರಾಗುವವರನ್ನು ನಾನು ಅನೇಕ ಸಭೆಗಳಲ್ಲಿ ಕಂಡಿದ್ದೇನೆ. ಶಾಸ್ತ್ರವು ಕೊಟ್ಟದ್ದು ವಿನಾಯಿತಿಯೋ ಅಥವಾ ಇನ್ನೂ ಹೆಚ್ಚಿನ ಹೊಣೆಗಾರಿಕೆಯೋ ಎಂಬುದನ್ನು ಒಂದು ಸಣ್ಣ ಪ್ರಸಂಗದ ಮೂಲಕ ವಾಚಕರೊಡನೆ ವಿಚಾರ ಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಪ್ರಸಂಗವು ನಡೆದದ್ದು ಮೋಟಾರು ರಿಪೇರಿ ಕಲಿಸುವ ಒಂದು ಕಾರ್ಯಾಗಾರದಲ್ಲಿ. ಧರ್ಮದ ಪತ್ರಿಕೆಯಲ್ಲಿ ಮೋಟಾರಿನ ಮಾತೇಕೆ ಎಂದು ಯಾರೂ ಭಾವಿಸಬಾರದು. ಭಗವಾನ್ ಆದಿನಾಥರು ಕರ್ಮಭೂಮಿಯ ಪ್ರಾರಂಭದಲ್ಲಿ ಜನರಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯಗಳ ಜೊತೆಗೆ ಶಿಲ್ಪವೂ ಸೇರಿದೆ. ಶಿಲ್ಪವೆಂದರೆ ಕಲ್ಲು ಕೆತ್ತುವುದು ಮಾತ್ರವಲ್ಲ, ಕೈಯ ಕುಶಲತೆಯಿಂದ ಬದುಕುವ ಎಲ್ಲ ಕಸುಬೂ ಶಿಲ್ಪವೇ. ಪುಲಿಗೆರೆಯ ತಿರುಳ್ಗನ್ನಡವನ್ನು ಮೆಚ್ಚಿದ ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿ ಆ ಪ್ರಥಮ ತೀರ್ಥಂಕರನ ಚರಿತ್ರೆಯನ್ನು ಕನ್ನಡಿಗರ ಮನೆಮನೆಗೆ ತಲುಪಿಸಿದನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಶಂಖ ಬಸದಿಯ ಆ ಊರಿನಲ್ಲಿ ಹುಟ್ಟಿ ಬೆಳೆದ ಹುಡುಗನೊಬ್ಬನು ಇಂದು ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಜೋಡಿಸಿ ಹೊಟ್ಟೆ ಹೊರೆದರೆ ಅವನು ಆದಿನಾಥರು ತೋರಿದ ದಾರಿಯಲ್ಲಿಯೇ ಇದ್ದಾನೆ ಎಂದು ನಾನು ತಿಳಿಯುತ್ತೇನೆ.

ನಮ್ಮ ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯು ಆರಂಭವಾದದ್ದು 1950ರಲ್ಲಿ. ಆ ಮೇಲೆ ಊರೂರಿಗೆ ಬಂದ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್, ಮೋಟಾರ್ ಮೆಕ್ಯಾನಿಕ್ ಮೊದಲಾದ ವಿಭಾಗಗಳಲ್ಲಿ ಬಡ ಹಾಗೂ ಮಧ್ಯಮ ವರ್ಗದ ಸಾವಿರಾರು ಹುಡುಗರು ಕಸುಬು ಕಲಿತರು. ಅಂಥ ಒಂದು ಸಂಸ್ಥೆಯಲ್ಲಿ ನಾನು ಕೆಲವು ಕಾಲ ಡ್ರಾಯಿಂಗ್ ಮತ್ತು ಲೆಕ್ಕದ ಪಾಠ ಹೇಳುತ್ತಿದ್ದೆನು. ಗದಗ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. 1997ಕ್ಕೆ ಮೊದಲಿನ ಮಾತು. ಸಂಸ್ಥೆಯ ಹೆಸರು ಇಲ್ಲಿ ಅನವಶ್ಯಕ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ಕಡೆಯಿಂದ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಬರುವ ಹುಡುಗರೇ ಅಲ್ಲಿ ಹೆಚ್ಚು.

ಒಂದು ಮಧ್ಯಾಹ್ನ ಮೊದಲ ವರ್ಷದ ಹುಡುಗರಿಗೆ ಎಂಜಿನ್ನಿನ ಹಳೆಯ ಎಣ್ಣೆಯನ್ನು ಇಳಿಸುವ ಪಾಠ. ಎಣ್ಣೆ ಬಿಸಿಯಾಗಿದ್ದರೆ ಚೆನ್ನಾಗಿ ಇಳಿಯುತ್ತದೆ, ತಳದ ಕೊಳೆಯೂ ಅದರೊಡನೆ ಬರುತ್ತದೆ. ಆದುದರಿಂದ ಹಳೆಯ ಜೀಪಿನ ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸಿದ್ದರು. ಅದರ ಕೆಳಗೆ ಅರ್ಧ ಕತ್ತರಿಸಿದ ಎಣ್ಣೆಯ ಡಬ್ಬಿಯೊಂದನ್ನು ಇಟ್ಟಿದ್ದರು. ಎತ್ತರ ಸಾಲದೆಂದು ಆ ಡಬ್ಬಿಯ ಕೆಳಗೆ ಒಡೆದ ಇಟ್ಟಿಗೆ. ಶಿಕ್ಷಕರು ಪಾನಾ ತರಲೆಂದು ಸ್ಟೋರಿಗೆ ಹೋಗಿದ್ದಾಗ ಉತ್ಸಾಹಿಯಾದ ಒಬ್ಬ ಹುಡುಗನು ಕೆಳಗಿನ ಪ್ಲಗ್ಗನ್ನು ಬಿಚ್ಚಿಯೇ ಬಿಟ್ಟನು. ಕಪ್ಪು ಎಣ್ಣೆ ಧಾರೆಯಾಗಿ ಸುರಿಯತೊಡಗಿತು. ಪ್ಲಗ್ಗು ಕೈಜಾರಿ ಡಬ್ಬಿಯೊಳಗೆ ಬಿದ್ದಿತು. ಅದನ್ನು ತೆಗೆಯಲು ಮತ್ತೊಬ್ಬನು ಬಾಗಿ ಕೈ ಹಾಕಿದನು, ಬಿಸಿ ತಗಲಿ ತಟ್ಟನೆ ಕೈ ಹಿಂದೆಗೆದನು. ಇಟ್ಟಿಗೆ ಅಲುಗಿತು, ಡಬ್ಬಿ ಉರುಳಿತು.

ಐದಾರು ಲೀಟರು ಎಣ್ಣೆ ನೋಡುವುದಕ್ಕೆ ಹೆಚ್ಚಲ್ಲ. ನುಣುಪಾದ ಸಿಮೆಂಟಿನ ನೆಲದ ಮೇಲೆ ಹರಡಿದಾಗ ಅದರ ವಿಸ್ತಾರ ತಿಳಿಯುತ್ತದೆ. ಒಬ್ಬನು ಜಾರಿ ಬಿದ್ದನು, ಅವನನ್ನು ಎಬ್ಬಿಸಹೋದವನೂ ಬಿದ್ದನು. ಖಾಕಿ ಅಂಗಿ, ಬುತ್ತಿಯ ಚೀಲ, ಮೂಲೆಯಲ್ಲಿಟ್ಟಿದ್ದ ಡ್ರಾಯಿಂಗ್ ಹಾಳೆಗಳು ಎಲ್ಲವೂ ಕಪ್ಪಾದವು. ದೈವವಶಾತ್ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಮೊದಲು ನಗೆ ಎದ್ದಿತು. ಆ ಮೇಲೆ ಹೆದರಿಕೆ. ಶಿಕ್ಷಕರು ಬರುವುದರೊಳಗೆ ನೆಲ ಹಸನಾಗಬೇಕೆಂದು ಹುಡುಗರು ಸೀಮೆಎಣ್ಣೆ ಸುರಿದು, ನಳಕ್ಕೆ ಪೈಪು ಜೋಡಿಸಿ, ಕಸಬರಿಗೆಯಿಂದ ತಿಕ್ಕಿ ತಿಕ್ಕಿ ಎಲ್ಲವನ್ನೂ ಗಟಾರಕ್ಕೆ ದೂಡಿದರು. ಅರ್ಧ ತಾಸಿನಲ್ಲಿ ನೆಲ ಮೊದಲಿಗಿಂತ ಹೆಚ್ಚು ಶುಭ್ರವಾಗಿತ್ತು. ಶಿಕ್ಷಕರು ಬಂದು ನೋಡಿ, ಡಬ್ಬಿ ಉರುಳಿಸಿದವನನ್ನು ಗದರಿಸಿ, ನೆಲ ತೊಳೆದವರನ್ನು ಹೊಗಳಿದರು. ಅಲ್ಲಿಗೆ ಪ್ರಸಂಗ ಮುಗಿದಂತೆ ತೋರಿತು.

ಮೂರನೆಯ ದಿನ ಬೆಳಿಗ್ಗೆ ಕಾಂಪೌಂಡಿನ ಆಚೆಗಿನ ತಗ್ಗು ಹೊಲದ ರೈತನೊಬ್ಬನು ಒಂದು ತಂಬಿಗೆ ನೀರು ಹಿಡಿದುಕೊಂಡು ಪ್ರಾಚಾರ್ಯರ ಕೊಠಡಿಗೆ ಬಂದನು. ನೀರಿನ ಮೇಲೆ ನವಿಲುಗರಿಯ ಬಣ್ಣದ ತೆಳುಪದರ ಹೊಳೆಯುತ್ತಿತ್ತು. ನಮ್ಮ ಗಟಾರವು ಅವನ ಹೊಲದ ಅಂಚಿನ ಹೊಂಡಕ್ಕೆ ಕೂಡುತ್ತಿತ್ತು. ಅವನ ಎಮ್ಮೆ, ಕುರಿಗಳಿಗೆ ಅದೇ ನೀರು. ಅವನು ಜಗಳವಾಡಲಿಲ್ಲ. "ಸಾಹೇಬ್ರ, ದನಾ ಮೂಸಿ ನೋಡಿ ಹೊಳ್ಳಿ ಬರಾಕ ಹತ್ಯಾವ್ರಿ. ಹುಡುಗೂರಿಗೆ ಗಾಡಿ ಕಲಸ್ರಿ, ಬ್ಯಾಡ ಅನ್ನೂದಿಲ್ಲ. ನಮ್ಮ ನೀರು ಯಾಕ ಕೆಡಸ್ತೀರಿ?" ಎಂದಷ್ಟೇ ಹೇಳಿ ತಂಬಿಗೆಯನ್ನು ಮೇಜಿನ ಮೇಲಿಟ್ಟನು.

ಪ್ರಾಚಾರ್ಯರು ಕೂಡಲೇ ಡಬ್ಬಿ ಉರುಳಿಸಿದ ಹುಡುಗನನ್ನು ಕರೆಸಿದರು. ತಂದೆಯನ್ನು ಕರೆತರಬೇಕು, ದಂಡ ಕಟ್ಟಬೇಕು, ಇಲ್ಲವಾದರೆ ಹೆಸರು ತೆಗೆಯುವುದಾಗಿ ಹೇಳಿದರು. ಆ ಹುಡುಗನ ತಂದೆ ಹಮಾಲಿ ಮಾಡುವವರು. ಹುಡುಗನು ತಲೆತಗ್ಗಿಸಿ ನಿಂತನು. ಆಗ ಬಾಗಿಲ ಹೊರಗಿನಿಂದ ಇನ್ನೊಬ್ಬನು ಒಳಗೆ ಬಂದನು. ಲಕ್ಷ್ಮೇಶ್ವರದ ಕಡೆಯ ಶ್ರಾವಕ ಕುಟುಂಬದ ಹುಡುಗ. ಬುತ್ತಿಯೊಡನೆ ಸೋಸಿದ ನೀರನ್ನೂ ಮನೆಯಿಂದಲೇ ತರುತ್ತಾನೆಂದು ಜೊತೆಗಾರರು ಅವನನ್ನು ಅಣಕಿಸುತ್ತಿದ್ದರು. ಅವನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಸರ, ಡಬ್ಬಿ ಕೆಡವಿದಾಂವ ಇಂವ ಖರೆ. ಆದ್ರ ಎಣ್ಣಿ ನೆಲದ ಮ್ಯಾಲಿತ್ರಿ. ನೀರು ಬಿಟ್ಟು ಅದನ್ನ ಗಟಾರಕ್ಕ ದೂಡಿದಾಂವ ನಾನ್ರಿ. ಹೊಂಡ ಕೆಡಿಸಿದ್ದು ನಾನು, ಇಂವ ಅಲ್ಲ."

ಕೊಠಡಿಯಲ್ಲಿದ್ದ ನಾವು ಯಾರೂ ಹಾಗೆ ವಿಭಾಗಿಸಿ ನೋಡಿರಲಿಲ್ಲ. ಅವನನ್ನು ಅಂದು ಹೊಗಳಿದ್ದೂ ಆ ತೊಳೆದ ಕೆಲಸಕ್ಕಾಗಿಯೇ. ಹುಡುಗನು ತನಗೆ ದೊರೆತ ಹೊಗಳಿಕೆಯನ್ನು ಹಿಂದಿರುಗಿಸಿ, ಮತ್ತೊಬ್ಬನ ಮೇಲೆ ಬಂದ ದಂಡವನ್ನು ತಾನು ಹೊರಲು ಸಿದ್ಧನಾಗಿದ್ದನು. ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲನೆಯದಾದ ಆಲೋಚನೆಯು ಇದೇ ಅಲ್ಲವೆ? ಹಿರಿಯರ ಮುಂದೆ ತನ್ನ ದೋಷವನ್ನು ಹೆಚ್ಚು ಕಡಿಮೆ ಮಾಡದೆ, ಮರೆಮಾಚದೆ ನಿವೇದಿಸುವುದು.

ಈಗ ಈ ಎರಡು ಕೃತ್ಯಗಳನ್ನು ನಮ್ಮ ಶಾಸ್ತ್ರದ ಬೆಳಕಿನಲ್ಲಿ ನೋಡೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಅದಕ್ಕೆ ಪ್ರಮಾದವನ್ನು ಕಾರಣವಾಗಿ ಜೋಡಿಸಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನಷ್ಟು ಬಿಡಿಸಿ ತೋರಿದ್ದಾರೆ. ಎಚ್ಚರದಿಂದ ನಡೆಯುವವನ ಕೈಯಲ್ಲಿ ಅಕಸ್ಮಾತ್ತಾಗಿ ಜೀವಹಾನಿಯಾದರೂ ಅಷ್ಟರಿಂದಲೇ ಅವನಿಗೆ ಹಿಂಸೆಯ ದೋಷವಿಲ್ಲ. ಎಚ್ಚರಗೇಡಿಯ ಮುಂದೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ಇದ್ದೇ ಇದೆ ಎಂಬುದು ಅವರ ವಿವೇಚನೆಯ ತಾತ್ಪರ್ಯ. ಅಂದರೆ ತೂಗಬೇಕಾದದ್ದು ಎಷ್ಟು ಚೆಲ್ಲಿತು ಎಂಬುದನ್ನಲ್ಲ, ಯಾವ ಮನಸ್ಸಿನಿಂದ ಏನನ್ನು ಮಾಡಿದೆವು ಎಂಬುದನ್ನು.

ಮುನಿಗಳು ಪಾಲಿಸುವ ಪಂಚ ಸಮಿತಿಗಳಲ್ಲಿ ಕೊನೆಯ ಎರಡು ಇಲ್ಲಿ ಮುಖ್ಯವಾಗುತ್ತವೆ. ವಸ್ತುವನ್ನು ಎತ್ತುವಾಗ, ಇಡುವಾಗ ಸ್ಥಳವನ್ನು ನೋಡಿ, ಪಿಂಛಿಯಿಂದ ಮಾರ್ಜನ ಮಾಡಿ ಇಡುವುದು ಆದಾನ-ನಿಕ್ಷೇಪಣ ಸಮಿತಿ. ಮಲಮೂತ್ರಾದಿ ತ್ಯಾಜ್ಯಗಳನ್ನು ಜೀವಜಂತುಗಳಿಲ್ಲದ ಜಾಗವನ್ನು ನೋಡಿ ವಿಸರ್ಜಿಸುವುದು ಉತ್ಸರ್ಗ ಸಮಿತಿ. ಇದನ್ನು ಪ್ರತಿಷ್ಠಾಪನ ಸಮಿತಿಯೆಂದೂ ಕರೆಯುತ್ತಾರೆ. ಒಡೆದ ಇಟ್ಟಿಗೆಯ ಮೇಲೆ ಡಬ್ಬಿಯನ್ನು ಇಟ್ಟದ್ದು ಆದಾನ-ನಿಕ್ಷೇಪಣದ ಲೋಪ. ಅದು ಕ್ಷಣದ ಪ್ರಮಾದ, ತಿದ್ದಿಕೊಳ್ಳಲು ಬರುವಂಥದು. ಆದರೆ ಎಣ್ಣೆಯನ್ನು ಗಟಾರಕ್ಕೆ ದೂಡಿದ್ದು ಉತ್ಸರ್ಗದ ಲೋಪ. ಅದು ಅರ್ಧ ತಾಸು ಬುದ್ಧಿಪೂರ್ವಕವಾಗಿ, ಶ್ರಮಪಟ್ಟು ಮಾಡಿದ ಕೆಲಸ. ಅದರ ಹಿಂದಿನ ಭಾವನೆ ಶುಚಿತ್ವದ್ದಲ್ಲ, ಮರೆಮಾಚುವಿಕೆಯದು. ನಮ್ಮ ನೆಲ ಹಸನಾಯಿತು ಎಂದರೆ ಕೊಳೆ ಇಲ್ಲವಾಯಿತು ಎಂದು ಅರ್ಥವಲ್ಲ. ಅದು ನಮ್ಮ ಕಣ್ಣಿಗೆ ಬೀಳದ ಇನ್ನೊಬ್ಬರ ಹೊಂಡಕ್ಕೆ ಹೋಯಿತು ಎಂದಷ್ಟೇ ಅರ್ಥ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತ ಪ್ರಮಾದಚರ್ಯೆಯನ್ನು ಎಣಿಸಿದ್ದಾರೆ. ಪ್ರಯೋಜನವಿಲ್ಲದೆ ನೀರು ಚೆಲ್ಲುವುದೂ ಅದರಲ್ಲಿ ಸೇರಿದೆ. ಬರಿಯ ನೀರನ್ನು ಚೆಲ್ಲುವುದೇ ದೋಷವಾದರೆ, ನೀರಿನೊಡನೆ ವಿಷವನ್ನು ಚೆಲ್ಲುವುದನ್ನು ಏನೆನ್ನಬೇಕು?

ವಿಷವೆಂಬ ಮಾತು ಅತಿಶಯೋಕ್ತಿಯಲ್ಲ. ಎಂಜಿನ್ನಿನಲ್ಲಿ ಸಾವಿರಾರು ಕಿಲೋಮೀಟರು ಓಡಿದ ಎಣ್ಣೆಯಲ್ಲಿ ಲೋಹದ ಸೂಕ್ಷ್ಮ ಕಣಗಳು, ಮಸಿ, ಅರೆಬೆಂದ ಇಂಧನದ ಶೇಷ ಸೇರಿಕೊಂಡಿರುತ್ತವೆ. ನೀರಿನ ಮೇಲೆ ಅದು ತೆಳುಪದರವಾಗಿ ಹರಡಿ ಗಾಳಿಯನ್ನು ತಡೆಯುತ್ತದೆ. ಹಿಂದೆ ಮಲೇರಿಯಾ ನಿರ್ಮೂಲನದ ಕಾಲದಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಸಿಂಪಡಿಸುತ್ತಿದ್ದುದು ಏಕೆಂಬುದನ್ನು ನೆನೆಯಿರಿ; ಉಸಿರಿಗಾಗಿ ಮೇಲಕ್ಕೆ ಬರುವ ಸೊಳ್ಳೆಯ ಮರಿಗಳು ಉಸಿರುಕಟ್ಟಿ ಸಾಯಲೆಂದೇ. ಗಟಾರಕ್ಕೆ ಬಿಟ್ಟ ಎಣ್ಣೆಯೂ ಅದನ್ನೇ ಮಾಡುತ್ತದೆ. ಅದಕ್ಕೆ ಸೊಳ್ಳೆ ಯಾವುದು, ಉಳಿದ ಜಲಚರ ಯಾವುದು ಎಂಬ ಭೇದವಿಲ್ಲ. ಒಂದು ಸಲ ವಾಹನದಿಂದ ಬದಲಿಸಿದ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಜನರನ್ನು ಎಚ್ಚರಿಸುತ್ತದೆ. ಜಲಕಾಯಿಕ ಜೀವಗಳನ್ನೂ ಎಣಿಕೆಗೆ ತೆಗೆದುಕೊಳ್ಳುವ ಧರ್ಮದವರಾದ ನಮಗೆ ಈ ಮಾತು ಹೊರಗಿನವರಿಂದ ಬರಬೇಕಾಗಿರಲಿಲ್ಲ.

ಹುಡುಗನ ಮಾತು ಕೇಳಿದ ಮೇಲೆ ಪ್ರಾಚಾರ್ಯರು ದಂಡದ ವಿಷಯವನ್ನು ಬಿಟ್ಟರು. "ಯಾರು ಮಾಡಿದರು ಎನ್ನುವುದು ಆಯಿತು, ಇನ್ನು ಏನು ಮಾಡೋಣ ಹೇಳಿರಿ" ಎಂದು ರೈತನನ್ನೂ ಕೂರಿಸಿಕೊಂಡು ಕೇಳಿದರು. ಉಪಾಯ ಹೇಳಿದವನು ರೈತನೇ. ಗದಗ-ಬೆಟಗೇರಿಯ ಸುತ್ತ ಹತ್ತಿಗೆ ಬರವಿಲ್ಲ. ಜಿನ್ನಿನಲ್ಲಿ ಉಳಿದ ಕಸದ ಹತ್ತಿಯನ್ನು ಎರಡು ಚೀಲ ತರಿಸಿ ಹೊಂಡದ ಮೇಲೆ ಹರಡಿದರು. ಸಂಸ್ಕರಿಸದ ಹತ್ತಿಯ ಎಳೆಗೆ ಸಹಜವಾದ ಮೇಣದ ಲೇಪ ಇರುವುದರಿಂದ ಅದು ಬೇಗ ನೀರನ್ನು ಹೀರದೆ ತೇಲುತ್ತ, ಎಣ್ಣೆಯನ್ನು ಮಾತ್ರ ಹೀರಿಕೊಳ್ಳುತ್ತದೆ. ಆ ಇಡೀ ತರಗತಿ ಎರಡು ದಿನ ಕೋಲು, ಬುಟ್ಟಿ ಹಿಡಿದು ಅದನ್ನು ಎತ್ತಿ ಡ್ರಮ್ಮಿನಲ್ಲಿ ತುಂಬಿ ಮುಚ್ಚಿಟ್ಟಿತು. ಅಷ್ಟು ದಿನ ರೈತನ ದನಗಳಿಗೆ ಸಂಸ್ಥೆಯ ನಳದ ನೀರು. ಮುಂದೆ ಕಾರ್ಯಾಗಾರದ ಮೂಲೆಯಲ್ಲಿ ಸಾಮಿಲ್ಲಿನ ಕಟ್ಟಿಗೆ ಹೊಟ್ಟಿನ ಚೀಲವೊಂದು ಕಾಯಮ್ಮಾಗಿ ಬಂದು ಕುಳಿತಿತು. ಎಣ್ಣೆ ಚೆಲ್ಲಿದರೆ ಮೊದಲು ಹೊಟ್ಟು, ಬಳಿಕ ಕಸಬರಿಗೆ. ನೀರು ಮಾತ್ರ ಮುಟ್ಟುವಂತಿಲ್ಲ ಎಂಬ ನಿಯಮವಾಯಿತು. ಉಳಿದ ನೀರು ತಿಳಿಯಾಗುವುದಕ್ಕೆ ಮಾತ್ರ ಮುಂದಿನ ದೊಡ್ಡ ಮಳೆಯವರೆಗೆ ಕಾಯಬೇಕಾಯಿತು. ಅರ್ಧ ತಾಸಿನಲ್ಲಿ ಕೆಡಿಸಿದ್ದನ್ನು ಸರಿಪಡಿಸಲು ಒಂದು ಋತು ಬೇಕಾಯಿತು ಎಂಬುದನ್ನು ಆ ಹುಡುಗರು ಪುಸ್ತಕದಿಂದಲ್ಲ, ಕಣ್ಣಿನಿಂದ ಕಲಿತರು.

ಅಂದು ಆ ಡ್ರಮ್ಮಿನ ಎಣ್ಣೆಯನ್ನು ಎಲ್ಲಿಗೆ ಕೊಡಬೇಕೆಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಇಂದು ಆ ನೆಪವಿಲ್ಲ. ಅಪಾಯಕಾರಿ ತ್ಯಾಜ್ಯಗಳ ಬಗೆಗೆ ಕೇಂದ್ರ ಸರ್ಕಾರದ ನಿಯಮಗಳು 1989ರಲ್ಲಿಯೇ ಬಂದವು. 2016ರಲ್ಲಿ ಹೊಸ ನಿಯಮಗಳಾದವು. ಬಳಸಿದ ಎಣ್ಣೆಯನ್ನು ಮರುಶುದ್ಧಿಗೆ ಸೇರಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸುವ ವ್ಯವಸ್ಥೆಯು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಳೆಯ ಎಣ್ಣೆಯು ಸತ್ತ ಪದಾರ್ಥವಲ್ಲ. ಕೊಳೆ ತೆಗೆದರೆ ಮತ್ತೆ ಎಣ್ಣೆಯೇ ಆಗುತ್ತದೆ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ನೋಂದಾಯಿತ ಮರುಶುದ್ಧೀಕರಣದವರಿಗೆ ತಲುಪಿಸುವವರ ಕೈಗೆ ಕೊಡುವುದೇ ಈ ಕಾಲದ ಉತ್ಸರ್ಗ ಸಮಿತಿ.

ನಮ್ಮ ನಾಡಿನಲ್ಲಿ ನೀರಿನ ಬೆಲೆ ಎಲ್ಲರಿಗೂ ಗೊತ್ತು. ಗದಗ-ಬೆಟಗೇರಿಯ ಜನ ಕುಡಿಯುವ ನೀರು ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯಿಂದ ಬರಬೇಕು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಹಾರಿ ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅಷ್ಟು ದೂರದಿಂದ ನಂಬಿ ಬರುವ ಜೀವಗಳು ಇಳಿಯುವುದು ನಮ್ಮ ಹಳ್ಳಕೊಳ್ಳಗಳ ನೀರು ನಿಲ್ಲುವ ತಗ್ಗುಗಳಿಗೆ. ಎಣ್ಣೆ ತಗಲಿದ ಗರಿಗಳು ಚಳಿಯನ್ನೂ ನೀರನ್ನೂ ತಡೆಯಲಾರವು. ಗಟಾರ ಎಲ್ಲಿ ಮುಗಿಯುತ್ತದೆ ಎಂದು ನಾವು ಕೇಳುವುದಿಲ್ಲ. ಅದು ಮುಗಿಯುವ ಕಡೆ ಮಾತ್ರ ಯಾವುದೋ ಜೀವ ನೀರಿಗಾಗಿ ಬಾಗಿರುತ್ತದೆ.

ನಮ್ಮ ಮನೆಗಳಲ್ಲಿ ತಾಯಂದಿರು ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ. ಸೋಸುವುದು ವ್ರತದ ಅರ್ಧ ಮಾತ್ರ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಮೆಲ್ಲನೆ ಅದೇ ಬಾವಿಯ ನೀರಿಗೆ ಮರಳಿ ಬಿಡುವುದು ಉಳಿದರ್ಧ. ಕಣ್ಣಿಗೆ ಕಾಣದ ಜೀವವನ್ನು ಅದರ ಮನೆಗೆ ಸೇರಿಸಿ ಬರುವಷ್ಟು ಸೂಕ್ಷ್ಮವಾದ ಕರುಣೆ ನಮ್ಮ ಅಡುಗೆಮನೆಯಲ್ಲಿದೆ. ಆ ಮನೆಯ ಯಜಮಾನನ ಲಾರಿಯೋ ಗ್ಯಾರೇಜೋ ಎಣ್ಣೆಯ ಅಂಗಡಿಯೋ ಅದೇ ನೀರಿಗೆ ಕಪ್ಪು ಎಣ್ಣೆಯನ್ನು ಬಿಡುವುದಾದರೆ ಮನೆಯಲ್ಲಿ ಒಂದು ಧರ್ಮ, ಅಂಗಡಿಯಲ್ಲಿ ಒಂದು ಧರ್ಮ ಎಂದಾಯಿತು. ಉದ್ಯೋಗೀ ಹಿಂಸೆಯೆಂಬ ಹೆಸರು ಈ ಬಿರುಕನ್ನು ಮುಚ್ಚಲಾರದು. ಎಂಜಿನ್ ಓಡುವುದರಿಂದ ಆಗುವ ಹಿಂಸೆ ಉದ್ಯೋಗೀ ಇರಬಹುದು. ಒಂದು ಡಬ್ಬಿ, ಒಂದು ಮುಚ್ಚಳ, ಒಂದಿಷ್ಟು ಕಟ್ಟಿಗೆ ಹೊಟ್ಟಿನಿಂದ ತಪ್ಪಿಸಬಹುದಾಗಿದ್ದ ಹಿಂಸೆ ಮಾತ್ರ ಉದ್ಯೋಗದ್ದಲ್ಲ, ಆಲಸ್ಯದ್ದು.

ಬಸದಿಗಳ ಆಡಳಿತ ನಡೆಸುವ ಮಾನ್ಯ ವಿಶ್ವಸ್ತರಲ್ಲಿ ಒಂದು ವಿನಂತಿ. ಪಂಚಕಲ್ಯಾಣ, ರಥೋತ್ಸವ, ಮುನಿಸಂಘದ ಚಾತುರ್ಮಾಸ ಮೊದಲಾದ ಸಂದರ್ಭಗಳಲ್ಲಿ ನಾವು ಜನರೇಟರುಗಳನ್ನು ಓಡಿಸುತ್ತೇವೆ, ವಾಹನಗಳನ್ನು ಇಟ್ಟುಕೊಳ್ಳುತ್ತೇವೆ. ಅವುಗಳಿಂದ ಇಳಿಸಿದ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ವಿಚಾರಿಸಿರಿ. ಬಹಳ ಕಡೆ ಅದು ಬಸದಿಯ ಹಿಂಗೋಡೆಯ ಬುಡದ ಮಣ್ಣಿಗೋ ಗಟಾರಕ್ಕೋ ಸೇರುವುದನ್ನು ನಾನು ಬಲ್ಲೆ. ಭಗವಂತನ ಅಭಿಷೇಕಕ್ಕೆ ಪ್ರಾಸುಕ ಜಲವನ್ನು ಹುಡುಕುವ ನಾವು ಅದೇ ಪ್ರಾಕಾರದ ಹಿಂದೆ ನೆಲವನ್ನು ಕೆಡಿಸುವುದು ಶೋಭಿಸುವುದಿಲ್ಲ. ಟ್ರಸ್ಟಿನ ಲೆಕ್ಕಪುಸ್ತಕದಲ್ಲಿ ಎಷ್ಟು ಎಣ್ಣೆ ಕೊಂಡೆವು ಎಂದು ಬರೆಯುವಂತೆ, ಎಷ್ಟನ್ನು ಇಳಿಸಿ ಯಾರಿಗೆ ಕೊಟ್ಟೆವು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯುವ ಪದ್ಧತಿ ಬರಲಿ. ಕಸುಬು ಕಲಿಯುವ ಹುಡುಗರಿಗೆ ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳು ಅವರಿಗೆ ಪಾನಾ, ಅಳತೆಪಟ್ಟಿಗಳ ಜೊತೆಗೆ ಈ ಎರಡು ಸಮಿತಿಗಳ ಅರ್ಥವನ್ನೂ ಹೇಳಿಕೊಡಲಿ. ಸಮಿತಿಗಳು ಮುನಿಗಳಿಗೆ ಮಹಾವ್ರತದ ಅಂಗವಾದರೆ, ಶ್ರಾವಕನಿಗೆ ಶಕ್ತ್ಯನುಸಾರ ಅಭ್ಯಾಸದ ವಿಷಯ.

ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಾಣಿಯ ದಿನ ನಾವು ಎಲ್ಲ ಜೀವಗಳಲ್ಲಿ ಕ್ಷಮೆ ಬೇಡುತ್ತೇವೆ. ಬಂಧುಗಳಿಗೆ, ನೆರೆಯವರಿಗೆ ಕೈಮುಗಿಯುವುದು ಸುಲಭ, ಏಕೆಂದರೆ ಅವರ ಮುಖ ನಮಗೆ ಗೊತ್ತು. ಗಟಾರದ ಆಚೆಯ ಜೀವಗಳ ಮುಖ ನಮಗೆ ಗೊತ್ತಿಲ್ಲ. ಅವುಗಳಲ್ಲಿ ಕ್ಷಮೆ ಬೇಡುವ ಸರಿಯಾದ ರೀತಿಯೆಂದರೆ ಮರುದಿನ ಅಂಗಡಿಯ ಬಾಗಿಲು ತೆರೆದಾಗ ಮೊದಲು ಆ ಮುಚ್ಚಳವಿರುವ ಡಬ್ಬಿ ತನ್ನ ಜಾಗದಲ್ಲಿದೆಯೇ ಎಂದು ನೋಡುವುದು.